ಸಿಸೇರಿಯನ್ ಆದ ಎಲ್ಲರಿಗೂ ನರ್ವ್ ಬ್ಲಾಕ್ ಬೇಕೇ?

ಜಗತ್ತಿನಲ್ಲಿ ಐದು ಹೆರಿಗೆಯಾದರೆ ಒಂದಕ್ಕಿಂತ ಹೆಚ್ಚು ಸಿಸೇರಿಯನ್ ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಆಪರೇಷನ್ ಮುಗಿದ ಕೂಡಲೇ ಎರಡೂ ಪಕ್ಕೆಗೆ ಮದ್ದು ಚುಚ್ಚಿ ಹೊಟ್ಟೆಯ ನರಗಳನ್ನು ಮರಗಟ್ಟಿಸುವ ನರ್ವ್ ಬ್ಲಾಕ್ ಇವರೆಲ್ಲರಿಗೂ ವಾಡಿಕೆಯಾಗಬೇಕೇ, ಇಲ್ಲಾ ಕೆಲವರಿಗೆ ಸಾಕೇ?

ಪರ: ಹೊಟ್ಟೆಯ ನೋವಿಗೆ ಹೊಟ್ಟೆಯಲ್ಲೇ ಮದ್ದು

ಅಪೆಂಡಿಕ್ಸ್ ತೆಗೆಸಿಕೊಂಡವರು ಎರಡು ದಿನ ಮಲಗಿದ್ದರೆ ಯಾರೂ ಏನೂ ಅನ್ನುವುದಿಲ್ಲ. ಬಾಣಂತಿಗೆ ಮಾತ್ರ ಅರಿವಳಿಕೆ ಪೂರ್ತಿ ಇಳಿಯುವ ಮೊದಲೇ ಕೆಲಸ ಶುರು. ಮಗುವನ್ನು ಎದೆಗೆ ಹಿಡಿಯಬೇಕು, ಮಗ್ಗುಲು ಬದಲಿಸಬೇಕು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಾರದೆಂದು ಆದಷ್ಟು ಬೇಗ ಎದ್ದು ನಡೆಯಬೇಕು. ಇದಕ್ಕೆಲ್ಲ ಬಲ ಹಾಕಬೇಕಾದದ್ದು ಹೊಟ್ಟೆಗೆ, ಕೊಯ್ದು ಹೊಲಿದಿರುವುದೂ ಅದೇ ಹೊಟ್ಟೆಯನ್ನು. ಕೆಮ್ಮು ಬಂದಾಗ ಹೊಲಿಗೆಯ ಮೇಲೆ ದಿಂಬು ಒತ್ತಿಕೊಂಡು, ಉಸಿರು ಬಿಗಿಹಿಡಿದು, ಅರ್ಧಂಬರ್ಧ ಕೆಮ್ಮುವ ತಾಯಂದಿರು ಯಾವ ಹೆರಿಗೆ ವಾರ್ಡಿನಲ್ಲಾದರೂ ಕಾಣುತ್ತಾರೆ. ಹೆತ್ತ ಮೇಲೆ ನೋವು ಇದ್ದದ್ದೇ ಎಂದು ಸಮಾಧಾನ ಹೇಳುವವರಿಗೆ ಹೇಳುವುದಿಷ್ಟೆ: ಮೊದಲ ದಿನಗಳ ತೀವ್ರ ನೋವು ಅಲ್ಲಿಗೇ ಮುಗಿಯದೆ ತಿಂಗಳುಗಟ್ಟಲೆ ಕಾಡುವ ನೋವಿನೊಂದಿಗೂ ಹೆರಿಗೆಯ ನಂತರದ ಖಿನ್ನತೆಯೊಂದಿಗೂ ನಂಟು ಹೊಂದಿರುವುದನ್ನು ಅಧ್ಯಯನಗಳು ತೋರಿಸಿವೆ.

ಬ್ಲಾಕ್ ಕೆಲಸ ಮಾಡುವ ಬಗೆ ಸರಳ. ಹೊಟ್ಟೆಯ ಗೋಡೆಯ ನರಗಳು ಬೆನ್ನುಹುರಿಯಿಂದ ಹೊರಟು ಪಕ್ಕೆಯ ಮೂಲಕ ಮುಂದಕ್ಕೆ ಬರುತ್ತವೆ. ಪಕ್ಕೆಯಲ್ಲಿ ಮೂರು ಸ್ನಾಯುಪದರಗಳಿವೆ. ಒಳಗಿನ ಎರಡರ ನಡುವಿನ ಸಂದಿಯೇ ನರಗಳ ದಾರಿ. ಆ ಸಂದಿಗೆ ಮದ್ದು ಹರಿಸುವುದು ಟ್ಯಾಪ್ ಬ್ಲಾಕ್. 2001ರಲ್ಲಿ ಇದನ್ನು ಮೊದಲು ವಿವರಿಸಿದಾಗ ಸೊಂಟದ ಮೂಳೆಯ ಮೇಲಿನ ಜಾಗವನ್ನು ಬೆರಳಿನಿಂದ ತಡವಿ, ಸೂಜಿ ಪದರ ದಾಟಿದ್ದು ಕೈಗೆ ತಿಳಿಯುವುದನ್ನೇ ನಂಬಿ ಚುಚ್ಚಬೇಕಿತ್ತು. ಈಗ ಅಲ್ಟ್ರಾಸೌಂಡ್ ಪರದೆಯಲ್ಲಿ ಮೂರೂ ಪದರ ಕಾಣುತ್ತವೆ. ಸೂಜಿ ಬೆಳ್ಳನೆಯ ಗೆರೆಯಾಗಿ ಇಳಿಯುತ್ತದೆ, ಮದ್ದು ಬಿಟ್ಟೊಡನೆ ಪದರಗಳು ಬೇರ್ಪಟ್ಟು ನಡುವೆ ಕಪ್ಪನೆಯ ಜಾಗ ಕಣ್ಣಿನಂತೆ ತೆರೆದುಕೊಳ್ಳುತ್ತದೆ. ಒಂದೊಂದು ಪಕ್ಕೆಗೆ ಸುಮಾರು 20 ಮಿ.ಲೀ. ರೋಪಿವಕೇನ್ ಅಥವಾ ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದು. ಬೆನ್ನಿಗೆ ಕೊಟ್ಟ ಅರಿವಳಿಕೆ ಇನ್ನೂ ಇರುವುದರಿಂದ ಚುಚ್ಚಿದ್ದು ತಾಯಿಗೆ ಗೊತ್ತೇ ಆಗುವುದಿಲ್ಲ.

ಫಲ? 2008ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 50 ತಾಯಂದಿರಿದ್ದರು. ಬ್ಲಾಕ್ ಇಲ್ಲದವರಿಗೆ 48 ಗಂಟೆಗಳಲ್ಲಿ ಸರಾಸರಿ 66 ಮಿ.ಗ್ರಾಂ. ಮಾರ್ಫಿನ್ ಎಂಬ ಕಟು ನೋವುನಿವಾರಕ ಬೇಕಾಯಿತು, ಬ್ಲಾಕ್ ಆದವರಿಗೆ 18 ಸಾಕಾಯಿತು. ಮಾರ್ಫಿನ್ ತಗ್ಗಿತೆಂದರೆ ಮಂಪರು, ವಾಕರಿಕೆ, ತುರಿಕೆ, ಮಲಬದ್ಧತೆಯೂ ತಗ್ಗುತ್ತದೆ ಎಂದು ನಿರೀಕ್ಷಿಸಬಹುದು. ಈ ಜಾತಿಯ ಔಷಧಿ ಹಾಲಿನ ಮೂಲಕ ಮಗುವಿಗೂ ಹೋಗುತ್ತದೆ. ಹಾಲೂಡಿಸುವ ತಾಯಿಗೆ ಕೊಡೀನ್, ಟ್ರಮಡಾಲ್ ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲಿ ಎಚ್ಚರಿಸಿದ್ದು ಸುಮ್ಮನೆ ಅಲ್ಲ. ಪಕ್ಕೆಗೆ ಕೊಟ್ಟ ಮದ್ದು ಹಾಲಿಗೆ ಇಳಿಯುವುದು ಅತ್ಯಲ್ಪ.

ಪೂರ್ತಿ ಅರಿವಳಿಕೆ ಕೊಟ್ಟು ಸಿಸೇರಿಯನ್ ಮಾಡಿದವರ ಮಾತು ಇನ್ನೂ ಬೇರೆ. ರಕ್ತಸ್ರಾವದ ತುರ್ತು, ಪ್ಲೇಟ್‌ಲೆಟ್ ತೀರಾ ಕಡಿಮೆ, ಹೀಗೆ ಏನೋ ಕಾರಣಕ್ಕೆ ಅವರ ಬೆನ್ನಿಗೆ ಸೂಜಿ ಹಾಕಿರುವುದಿಲ್ಲ. ಎಚ್ಚರಾಗುವಾಗ ಗಾಯದ ನೋವು ಪೂರಾ ಅವರ ಮೇಲೇ ಬೀಳುತ್ತದೆ. ಹೀಗೆ ಆಗಬಹುದಾದವರು ಯಾರೆಂದು ಮುಂಚೆ ಗೊತ್ತಾಗುವುದಿಲ್ಲ. ಆದ್ದರಿಂದ ಬ್ಲಾಕ್ ಆ ಆಸ್ಪತ್ರೆಯ ನಿತ್ಯದ ರೂಢಿಯಲ್ಲೇ ಇರಬೇಕು. ದಿನಾ ಮಾಡುವ ಕೈ ಮಾತ್ರ ತುರ್ತಿನಲ್ಲಿ ನಡುಗುವುದಿಲ್ಲ.

ವಿರೋಧ: ಒಂದೇ ಸೂಜಿಯಲ್ಲಿ ಮುಗಿಯುವುದಕ್ಕೆ ಇನ್ನೆರಡು ಏಕೆ?

66 ಇದ್ದದ್ದು 18ಕ್ಕೆ ಇಳಿದದ್ದು ನಿಜ. ಆದರೆ ಆ ಪ್ರಯೋಗದ ತಾಯಂದಿರ ಸ್ಪೈನಲ್‌ನಲ್ಲಿ, ಅಂದರೆ ಆಪರೇಷನ್‌ಗೆಂದು ಬೆನ್ನಿಗೆ ಕೊಟ್ಟ ಅರಿವಳಿಕೆಯಲ್ಲಿ, ಮಾರ್ಫಿನ್ ಇರಲಿಲ್ಲ. ಇಡೀ ವಾದ ನಿಂತಿರುವುದು, ಬೀಳುವುದು ಈ ಒಂದು ಸಂಗತಿಯ ಮೇಲೆ.

ಆಪರೇಷನ್‌ಗೆಂದು ಬೆನ್ನಿಗೆ ಹೇಗೂ ಸೂಜಿ ಹಾಕುತ್ತೇವೆ. ಅದೇ ಸಿರಿಂಜಿಗೆ 100 ಮೈಕ್ರೋಗ್ರಾಂ, ಅಂದರೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಪಾಲು ಮಾರ್ಫಿನ್ ಸೇರಿಸಿದರೆ ಹೆಚ್ಚುಕಡಿಮೆ ಒಂದು ದಿನ ನೋವು ಹತೋಟಿಯಲ್ಲಿರುತ್ತದೆ. ಹೊಸ ಚುಚ್ಚುವಿಕೆ ಇಲ್ಲ, ಯಂತ್ರ ಬೇಡ, ಹೆಚ್ಚಿನ ಸಮಯವೂ ಬೇಡ. ಇದನ್ನು ಕೊಟ್ಟವರಿಗೆ ಮೇಲಿಂದ ಟ್ಯಾಪ್ ಬ್ಲಾಕ್ ಹಾಕಿದರೆ ಹೇಳಿಕೊಳ್ಳುವಂಥ ಲಾಭ ಸಿಗದು ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು 2012ರಲ್ಲೇ ಹೇಳಿವೆ. ಯೋಜಿತ ಸಿಸೇರಿಯನ್‌ಗಾಗಿ, ಆಪರೇಷನ್ ನಂತರದ ನೋವಿನ ತಜ್ಞರ ಪ್ರಾಸ್ಪೆಕ್ಟ್ ತಂಡ ಪ್ರಕಟಿಸಿದ ಮಾರ್ಗಸೂಚಿಯಲ್ಲೂ ಬೆನ್ನಿನ ಮಾರ್ಫಿನ್‌ಗೆ ಮೊದಲ ಸ್ಥಾನ. ಅದು ಕೊಟ್ಟಿಲ್ಲದಾಗ ಬ್ಲಾಕ್, ಇಲ್ಲವೇ ಗಾಯದ ಅಂಚಿಗೇ ಮದ್ದು. ತುರಿಕೆ ಬರುತ್ತದೆ, ಒಪ್ಪೋಣ. ಅದಕ್ಕೆ ಔಷಧಿ ಇದೆ. ಉಸಿರಾಟ ಕುಗ್ಗುವುದು ಈ ಪ್ರಮಾಣದಲ್ಲಿ ತೀರಾ ಅಪರೂಪ.

ಇನ್ನೊಂದು, ಬ್ಲಾಕ್ ಹೊಟ್ಟೆಯ ಗೋಡೆಯನ್ನಷ್ಟೇ ಮರಗಟ್ಟಿಸುತ್ತದೆ. ಸಿಸೇರಿಯನ್ ನೋವಿನ ದೊಡ್ಡ ಪಾಲು ಒಳಗೆ, ಗರ್ಭಕೋಶದಲ್ಲಿ. ಮಗು ಎದೆ ಚೀಪಿದೊಡನೆ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಸ್ರವಿಸಿ ಗರ್ಭಕೋಶ ಹಿಂಡಿಕೊಳ್ಳುತ್ತದೆ. ಎರಡನೆಯ, ಮೂರನೆಯ ಹೆರಿಗೆಯವರಿಗೆ ಈ ಹಿಂಡು ಇನ್ನೂ ಜೋರು. ಟ್ಯಾಪ್ ಬ್ಲಾಕ್ ಇದರ ತಂಟೆಗೇ ಹೋಗದು. ಸೂಜಿಯನ್ನು ಇನ್ನೂ ಹಿಂದಕ್ಕೆ, ಸೊಂಟದ ಕ್ವಾಡ್ರೇಟಸ್ ಸ್ನಾಯುವಿನ ಬಳಿ ಒಯ್ದರೆ ಒಳನೋವಿಗೂ ಆಗುತ್ತದೆ ಎಂಬ ಆಸೆ ಇದೆ. ಆದರೆ ಅಲ್ಲಿಂದ ಮದ್ದು ತೊಡೆಯ ನರಗಳ ಕಡೆ ಹರಿದು ಕಾಲು ಸೋಲುವುದುಂಟು. ಕೈಯಲ್ಲಿ ಕೂಸು ಹಿಡಿದವಳ ಮಂಡಿ ಕುಸಿದರೆ ಬೀಳುವವರು ಇಬ್ಬರು.

ಲೆಕ್ಕವನ್ನೂ ಮಾಡಿಬಿಡೋಣ. ರೋಪಿವಕೇನ್‌ಗೆ ವಾಡಿಕೆಯ ಮಿತಿ ಕೆ.ಜಿ.ಗೆ 3 ಮಿ.ಗ್ರಾಂ., 60 ಕೆ.ಜಿ. ತಾಯಿಗೆ 180. ಎರಡು ಪಕ್ಕೆಗೆ ಒಟ್ಟು 40 ಮಿ.ಲೀ. ಕೊಡುವಾಗ ಮದ್ದು ಶೇ 0.375ರದ್ದಾದರೆ 150 ಮಿ.ಗ್ರಾಂ., ಸರಿ. ಶೇ 0.5ರದ್ದಾದರೆ 200, ಮಿತಿ ಮೀರಿತು. ಹೆರಿಗೆ ನೋವಿಗೆ ಎಪಿಡ್ಯೂರಲ್ (ಬೆನ್ನಿಗೆ ಹಾಕಿದ ಸಣ್ಣ ಕೊಳವೆ) ಮೂಲಕ ಮೊದಲೇ ಕೊಟ್ಟದ್ದಿದ್ದರೆ ಅದನ್ನೂ ಕೂಡಿಸಬೇಕು. ಸಾಲದ್ದಕ್ಕೆ ಬಸಿರಿನಲ್ಲಿ ಈ ಮದ್ದನ್ನು ಹಿಡಿದಿಡುವ ರಕ್ತದ ಪ್ರೋಟೀನ್ ಕಡಿಮೆಯಾಗಿರುವುದರಿಂದ ಸಡಿಲವಾಗಿ ತಿರುಗುವ ಮದ್ದು ಹೆಚ್ಚು. ರಕ್ತದಲ್ಲಿ ಮದ್ದು ಅತಿಯಾದರೆ ಮೊದಲು ನಾಲಿಗೆ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ. ಮುಂದೆ ಫಿಟ್ಸ್, ಹೃದಯ ನಿಲ್ಲುವುದೂ ಸಾಧ್ಯ. ರಕ್ತದಲ್ಲಿ ಮದ್ದು ಶಿಖರ ಮುಟ್ಟುವುದು ಸುಮಾರು ಅರ್ಧ ಗಂಟೆಯ ಮೇಲೆ. ತಾಯಿ ಆಗ ಥಿಯೇಟರ್‌ನಲ್ಲಿ ಇಲ್ಲದಿರಬಹುದು. ಈ ವಿಷಪರಿಣಾಮಕ್ಕೆ ಪ್ರತಿಮದ್ದಾದ ಶೇ 20ರ ಕೊಬ್ಬಿನ ದ್ರಾವಣ ಕೈಗೆ ಸಿಗುವಲ್ಲಿ ಇರಬೇಕು, ಅದನ್ನು ಕೊಡಬೇಕೆಂದು ಹೊಳೆಯುವವರೂ ಇರಬೇಕು. ಇಂಥ ಅನಾಹುತ ಅಪರೂಪವೇ. ಆದರೆ ಲಾಭವೇ ಇಲ್ಲದವರಿಗೆ ಅಪರೂಪದ ಅಪಾಯ ಯಾಕೆ ಹಂಚಬೇಕು?

ವಾರ್ಡಿನಲ್ಲಿ ನಡೆಯುವುದನ್ನೂ ಹೇಳಲೇಬೇಕು. ಒಂದು ಸಲ ಚುಚ್ಚಿದ ಬ್ಲಾಕ್ ಹೆಚ್ಚೆಂದರೆ ಅರ್ಧ ದಿನ ಇರುತ್ತದೆ. ಬೆಳಿಗ್ಗೆ ಆಪರೇಷನ್ ಆದವರಿಗೆ ರಾತ್ರಿ ಇಳಿಯುತ್ತದೆ. ಬ್ಲಾಕ್ ಆಗಿದೆಯಲ್ಲ ಎಂಬ ನೆಮ್ಮದಿಯಲ್ಲಿ ಸಂಜೆಯ ಮಾತ್ರೆ ತಪ್ಪಿತೆಂದರೆ ನೋವು ಒಮ್ಮೆಗೇ ಏಳುತ್ತದೆ. ಪ್ಯಾರಾಸಿಟಮಾಲ್, ಜೊತೆಗೆ ಕಿಡ್ನಿ ತೊಂದರೆ ಅಥವಾ ರಕ್ತಸ್ರಾವದ ಅಂಜಿಕೆ ಇಲ್ಲದವರಿಗೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್. ಇವನ್ನು ಕೇಳಿದಾಗ ಕೊಡುವುದಲ್ಲ, ಗಡಿಯಾರ ನೋಡಿ ಕೊಡಬೇಕು. ಅಲ್ಟ್ರಾಸೌಂಡ್ ಯಂತ್ರದಷ್ಟು ಆಕರ್ಷಕವಲ್ಲದ ಈ ಕೆಲಸವನ್ನು ಸರಿಮಾಡದೆ ಬ್ಲಾಕ್ ವಾಡಿಕೆ ಮಾಡಲು ಹೊರಡುವುದು ನನಗೆ ಒಪ್ಪಿತವಲ್ಲ.

ಕೈ ಪಳಗಬೇಕೆಂಬ ಮಾತು ಸರಿ. ಅದಕ್ಕೆ ಹರ್ನಿಯಾದಂಥ ಹೊಟ್ಟೆಯ ಬೇರೆ ಆಪರೇಷನ್‌ಗಳಿವೆ. ಪೂರ್ತಿ ಅರಿವಳಿಕೆ ಪಡೆದವರಿಗೆ, ಮಾರ್ಫಿನ್ ಒಗ್ಗದವರಿಗೆ ಬ್ಲಾಕ್ ಇರಲಿ. ಎಲ್ಲ ಕೊಟ್ಟ ಮೇಲೂ ಹೊಲಿಗೆಯ ಜಾಗವೇ ಉರಿಯುತ್ತದೆ ಎನ್ನುವವರಿಗೆ ವಾರ್ಡಿಗೆ ಬಂದ ಮೇಲೂ ಹಾಕಬಹುದು. ಆದರೆ ಮೊದಲು ನೋವು ಎಲ್ಲಿದೆ ಎಂದು ತಾಯಿಯನ್ನೇ ಕೇಳಿ: ಚರ್ಮದ ಮೇಲೋ, ಒಳಗೋ.