ರೇಯಾನ್ ಪ್ಲಾಸ್ಟಿಕ್ ಬಟ್ಟೆ ಅಲ್ಲ

ಬಟ್ಟೆಗಳ ಬಗ್ಗೆ ಬರೆದ ನಿಮ್ಮ ಲೇಖನದಲ್ಲಿ ರೇಯಾನನ್ನೂ ಪಾಲಿಯೆಸ್ಟರ್ ಜೊತೆ ಸೇರಿಸಿ ಪೆಟ್ರೋಲಿಯಂನಿಂದ ಮಾಡಿದ ಪ್ಲಾಸ್ಟಿಕ್ ಬಟ್ಟೆ ಅಂದಿದ್ದೀರಿ. ಅದು ಸರಿಯಲ್ಲ. ರೇಯಾನ್ ಬರುವುದು ಮರದ ತಿರುಳಿನಿಂದ. ನಮ್ಮ ತುಂಗಭದ್ರೆಯ ದಡದಲ್ಲೇ, ಹರಿಹರದ ಹತ್ತಿರದ ಕುಮಾರಪಟ್ಟಣದಲ್ಲಿ ನೀಲಗಿರಿ ಮರದಿಂದ ಈ ತಿರುಳು ತಯಾರಾಗುತ್ತದೆ. ಹಾಗಂತ ಪೂರ್ತಿ ನೈಸರ್ಗಿಕವೂ ಅಲ್ಲ. ತಿರುಳನ್ನು ಕರಗಿಸಲು ಬಳಸುವ ಕಾರ್ಬನ್ ಡೈಸಲ್ಫೈಡ್ ಕಾರ್ಮಿಕರ ನರಗಳಿಗೆ ವಿಷ. ಅದನ್ನು ನೀವು ಬರೆಯಲೇಬೇಕಿತ್ತು.

ತೀರ್ಥಹಳ್ಳಿಯಲ್ಲಿ ಬಟ್ಟೆ ಹೊಲಿಯುವವಳು ನಾನು. ಬೇಸಿಗೆಗೆ ರೇಯಾನ್ ಕುರ್ತಾ, ನೈಟಿ ತುಂಬಾ ಒಳ್ಳೆಯದು, ಬೆವರು ಹೀರುತ್ತದೆ. ನಮ್ಮ ಮಳೆಗಾಲಕ್ಕೆ ಮಾತ್ರ ಬೇಡ. ಒದ್ದೆಯಾದರೆ ಎಳೆಯ ಬಲ ಕುಗ್ಗುತ್ತದೆ, ಜೋರಾಗಿ ಹಿಂಡಿದರೆ ಹೊಲಿಗೆಯ ಹತ್ತಿರವೇ ಪಿಸಿಯುತ್ತದೆ. ಆಷಾಢದಲ್ಲಿ ಬೇಗ ಒಣಗುವುದೂ ಇಲ್ಲ, ಅಲ್ವಾ? ಹೊಲಿಸುವ ಮೊದಲು ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸಿ ಕೊಡಿ. ಮೊದಲ ಒಗೆತಕ್ಕೆ ಜಾಸ್ತಿ ಕುಗ್ಗುತ್ತದೆ.