ಸ್ಪಷ್ಟನೆ: ಪಲೆರ್ಮೊ ಅರಮನೆಯ ಚಾಪೆಲ್ ಮಸೀದಿಯಾಗಿರಲಿಲ್ಲ

ಇಟಲಿಯ ಸಿಸಿಲಿ ದ್ವೀಪದ ಪಲೆರ್ಮೊ ನಗರದ ಅರಮನೆಯಲ್ಲಿ ಕ್ಯಾಪೆಲ್ಲಾ ಪಲಾಟಿನಾ ಎಂಬ ಚಾಪೆಲ್ (ಕ್ರೈಸ್ತ ಪ್ರಾರ್ಥನಾ ಮಂದಿರ) ಇದೆ. ‘ಸಿಸಿಲಿಯ ಕ್ಯಾಪೆಲ್ಲಾ ಪಲಾಟಿನಾ ಮೊದಲು ಮಸೀದಿಯಾಗಿತ್ತು, ಚಾವಣಿಯ ಅರೇಬಿಕ್ ಬರಹವೇ ಸಾಕ್ಷಿ’ ಎಂಬ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮೊನ್ನೆ ನಾನೂ ಅದನ್ನು ಫಾರ್ವರ್ಡ್ ಮಾಡಿದ್ದೆ. ಅದು ತಪ್ಪು, ಕ್ಷಮಿಸಿ.

ಸಿಸಿಲಿ ಆಳುತ್ತಿದ್ದ ನಾರ್ಮನ್ (ಉತ್ತರ ಫ್ರಾನ್ಸ್ ಮೂಲದ ಕ್ರೈಸ್ತ) ದೊರೆ 2ನೇ ರೋಜರ್ ಇದನ್ನು ತನ್ನ ಅರಮನೆಯ ಚಾಪೆಲ್ ಆಗಿಯೇ ಕಟ್ಟಿಸಿದ. ಗುಮ್ಮಟದ ಬುಡದಲ್ಲಿರುವ ಗ್ರೀಕ್ ಮೊಸಾಯಿಕ್ ಬರಹ 1143ರದ್ದು. ಜೇನುಗೂಡಿನಂಥ ಮರದ ಚಾವಣಿಯೂ ಈ ಚಾಪೆಲ್‌ಗೆಂದೇ ಮಾಡಿಸಿದ್ದು, ಕೈಚಳಕ ಮುಸ್ಲಿಂ ಕಲಾವಿದರದು. ಹತ್ತಿರದಿಂದ ನೋಡಿದರೆ ಚೆಸ್ ಆಡುವವರು, ಕೊಳಲು ಊದುವವರು, ಬಟ್ಟಲು ಹಿಡಿದು ಕುಡಿಯುವವರು! ಮಸೀದಿಯಲ್ಲಿ ಇಂಥ ಚಿತ್ರ ಇರಲ್ಲ ಅಲ್ವಾ? ಆ ಅರೇಬಿಕ್ ಪದಗಳೂ ಗೆಲುವು, ಆರೋಗ್ಯ, ಏಳಿಗೆಯ ಹಾರೈಕೆಗಳು. ಎಷ್ಟು ಚೆಂದದ ಕೂಡುಬಾಳು ಅದು!

ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸಬೇಡಿ. ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ.