ಆಬ್ಲೊ, ಆಬ್ಲಸ್, ಆಬ್ಲ

ಸ್ಪ್ಯಾನಿಷ್ ಕಲಿಯಲು ಕೂತವರಿಗೆ ಮೊದಮೊದಲೇ ಎದುರಾಗುವುದು ಆರು ಮನೆಗಳ ಒಂದು ಪಟ್ಟಿ. ಅಬ್ಲಾರ್ ಅಂದರೆ ಮಾತಾಡುವುದು. ಕೊನೆಯ 'ಆರ್' ಕಿತ್ತುಹಾಕಿ, ಉಳಿದದ್ದಕ್ಕೆ ಬಾಲ ಅಂಟಿಸುತ್ತಾ ಹೋಗಿ: ಆಬ್ಲೊ, ಆಬ್ಲಸ್, ಆಬ್ಲ, ಅಬ್ಲಾಮೊಸ್, ಅಬ್ಲಾಯ್ಸ್, ಆಬ್ಲನ್. ಕ್ರಮವಾಗಿ ನಾನು, ನೀನು, ಅವನು ಅಥವಾ ಅವಳು, ನಾವು, ನೀವು, ಅವರು. ಹೈಸ್ಕೂಲಿನಲ್ಲಿ ಸಂಸ್ಕೃತ ತಗೊಂಡವರಿಗೆ ಈ ರಾಗ ಹೊಸದಲ್ಲ. ಪಠತಿ, ಪಠತಃ, ಪಠಂತಿ ಅಂತ ತೂಗಾಡುತ್ತಾ ಒಪ್ಪಿಸಿದವರೇ ಅಲ್ವಾ? ಅಲ್ಲಿ 'ಅವನು' ಮೊದಲು, 'ನಾನು' ಕೊನೆಗೆ. ಸ್ಪ್ಯಾನಿಷ್ ಪಟ್ಟಿಯಲ್ಲಿ ನಾನೇ ಮೊದಲು.

ಕನ್ನಡದವರು ಇದಕ್ಕೆ ಗಾಬರಿಯಾಗಬೇಕಿಲ್ಲ. 'ಮಾತಾಡ್ತೀನಿ' ಅಂದರೆ ಸಾಕು, 'ನಾನು' ಅನ್ನುವುದು ಬೇಕಿಲ್ಲ. 'ಆಬ್ಲೊ' ಕೂಡ ಹಾಗೇ. ಇಂಗ್ಲಿಷಿನವರು ಮಾತ್ರ ಪ್ರತಿ ಸಲ 'ಐ' ಅನ್ನಬೇಕು, ಪಾಪ. ನಮಗಿರುವ ಇನ್ನೊಂದು ತಾಪತ್ರಯ ಸ್ಪ್ಯಾನಿಷ್‌ಗಿಲ್ಲ. ಮಾತಾಡುತ್ತಾನೆ, ಮಾತಾಡುತ್ತಾಳೆ ಎರಡಕ್ಕೂ ಅಲ್ಲಿ 'ಆಬ್ಲ' ಒಂದೇ. ಮೇಜು, ಕುರ್ಚಿಯನ್ನೂ ಹೆಣ್ಣು ಅನ್ನುವ ಭಾಷೆ ಇಲ್ಲಿ ಮಾತ್ರ ಗಂಡೋ ಹೆಣ್ಣೋ ಅಂತ ಕೇಳುವುದಿಲ್ಲ!

'ಎರ್', 'ಇರ್' ಅಂತ ಕೊನೆಯಾಗುವ ಇನ್ನೆರಡು ಗುಂಪುಗಳಿವೆ. ವರ್ತಮಾನದಲ್ಲಿ ಅವೆರಡಕ್ಕೂ 'ನಾವು', 'ನೀವು' ಮನೆಗಳಲ್ಲಿ ಮಾತ್ರ ವ್ಯತ್ಯಾಸ. ಭಾಷೆಗೆ ಹೊಸದಾಗಿ ಬರುವ ಕ್ರಿಯಾಪದಗಳು ಹೆಚ್ಚಾಗಿ 'ಆರ್' ಗುಂಪಿಗೇ ಸೇರುತ್ತವೆ. ಚಾಟ್ ಮಾಡುವುದು, ಸ್ಕ್ಯಾನ್ ಮಾಡುವುದು, ಗೂಗಲ್‌ನಲ್ಲಿ ಹುಡುಕುವುದು ಎಲ್ಲಕ್ಕೂ ಇದೇ ಬಾಲ.

ನನಗೆ ಮಜಾ ಅನ್ನಿಸುವುದು 'ನೀನು', 'ನೀವು' ಮನೆಗಳ ಗಲಾಟೆ. ಸ್ಪ್ಯಾನಿಷ್‌ಗೆ ಆಂತೊನಿಯೊ ದೆ ನೆಬ್ರಿಹ ವ್ಯಾಕರಣ ಬರೆದು ಇಸಬೆಲ್ಲಾ ರಾಣಿಗೆ ಅರ್ಪಿಸಿದ್ದು 1492ರಲ್ಲಿ, ಕೊಲಂಬಸ್ ಹಡಗು ಹತ್ತಿದ ವರ್ಷವೇ. ಆಮೇಲೆ ಭಾಷೆಯೂ ಸಮುದ್ರ ದಾಟಿತು. ದಾಟಿದ ಮೇಲೆ ಯಾರು ಯಾರನ್ನು ಹೇಗೆ ಕರೆಯಬೇಕು ಅನ್ನುವುದು ಊರಿಗೊಂದು ಥರ ಆಯಿತು. ಐದನೇ ಮನೆಯ ಅಬ್ಲಾಯ್ಸ್ ಗೆಳೆಯರ ಗುಂಪಿಗೆ ಹೇಳುವ 'ನೀವು'. ಅದು ಮುಖ್ಯವಾಗಿ ಸ್ಪೇನ್‌ನಲ್ಲಷ್ಟೇ ಉಳಿದಿದೆ. ಲ್ಯಾಟಿನ್ ಅಮೆರಿಕದಲ್ಲಿ ಗುಂಪು ಯಾವುದಾದರೂ ಆಬ್ಲನ್ ಅಂದರೆ ಮುಗಿಯಿತು.

ಗೌರವದ ಕಥೆ ಇನ್ನೂ ಸ್ವಾರಸ್ಯ. ಹಿರಿಯರಿಗೆ ಹೇಳುವ 'ಉಸ್ತೆದ್' ಹುಟ್ಟಿದ್ದು 'ತಮ್ಮ ಕೃಪೆ' ಅನ್ನುವಂಥ ಹಳೆಯ ಬಿರುದಿನಿಂದ. ಬಿರುದು ಮೂರನೆಯವರ ಲೆಕ್ಕ. ಹಾಗಾಗಿ ಎದುರಿಗೇ ಕೂತವರಿಗೂ 'ಆಬ್ಲ'. ನಾವು ಮರ್ಯಾದೆ ಕೊಡಲು ಒಬ್ಬರನ್ನು ಹಲವರು ಮಾಡುತ್ತೇವೆ, ಅವರು ಸ್ವಲ್ಪ ದೂರ ಕೂರಿಸುತ್ತಾರೆ. ಆದರೆ ಕೊಲಂಬಿಯಾದ ಬೊಗೊಟಾದಲ್ಲಿ ಆಪ್ತ ಗೆಳೆಯರ ನಡುವೆಯೂ ಉಸ್ತೆದ್ ಓಡಾಡುತ್ತದೆ. ಅರ್ಜೆಂಟೀನಾದಲ್ಲಿ ಇದರ ಉಲ್ಟಾ. ಹಿಂದೆ ದೊಡ್ಡವರಿಗೆ ಮೀಸಲಾಗಿದ್ದ 'ವೊಸ್' ಬಳಸಿ ಬಳಸಿ ಸವೆದು, ಈಗ ಗೆಳೆಯನಿಗೆ ಹೇಳುವ 'ನೀನು' ಆಗಿದೆ. ಅದರ ಬಾಲವೂ ಬೇರೆ. ಆಬ್ಲಸ್ ಅಲ್ಲ, ಅಬ್ಲಾಸ್. ಒತ್ತು ಮಾತ್ರ ಪದದ ಕೊನೆಗೆ ಸರಿದಿದೆ, ಅಷ್ಟಕ್ಕೇ ನೀವು ಯಾವ ಕಡೆ ಕಲಿತವರು ಅಂತ ಗೊತ್ತಾಗಿಬಿಡುತ್ತದೆ.

ಆದ್ದರಿಂದ ಸುಮ್ನೆ ಬಾಯಿಪಾಠಕ್ಕೆ ಇಳಿಯುವ ಮುಂಚೆ ಯಾವ ಊರಿಗೆ ಹೊರಟಿದ್ದೀರಿ ಅಂತ ನೋಡಿಕೊಳ್ಳಿ. ಮ್ಯಾಡ್ರಿಡ್ ಆದರೆ ಆರು ಮನೆಯೂ ಬೇಕು. ಮೆಕ್ಸಿಕೊ ಸಿಟಿಗೆ ಐದು ಸಾಕು. ಬ್ವೆನೊಸ್ ಐರೆಸ್ ಆದರೆ ಐದನೆಯದನ್ನು ಬಿಟ್ಟು, ಎರಡನೆಯದರ ಬಾಲ ಬದಲಿಸಿಕೊಳ್ಳಿ.